ಗಣಪನ ಹೊಟ್ಟೆಯ ಗೀರು

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮೇಲಧಿಕಾರಿಗಳು ಕೈಗೊಂದು ಕಲ್ಲಿನ ಚೂರು ಕೊಟ್ಟು, "ನೆಕ್ಕಮ್ಮ" ಎಂದರು.

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಅಮ್ಮನ ಮೈಸೂರು ಸಿಲ್ಕ್ ಉಟ್ಟು, ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿದ್ದ ಆ ಪ್ರಯೋಗಾಲಯಕ್ಕೆ ಬಂದಿದ್ದೆ. ಹಳೆಯ ಶಿಲ್ಪಗಳು ಯಾವ ಕಲ್ಲಿನವು, ಆ ಕಲ್ಲು ಯಾವ ಕಡೆಯ ಗುಡ್ಡದಿಂದ ಬಂದಿರಬಹುದು, ಅದರ ಮೇಲೆ ಬಳಿದದ್ದು ಮೆತ್ತಿದ್ದು ಏನೇನು ಎಂದು ಪತ್ತೆ ಮಾಡುವುದು ಅಲ್ಲಿಯ ಕೆಲಸ. ಬಿಳಿ ಕೋಟು, ಗಾಜಿನ ನಳಿಕೆ, ಹೊಗೆಯಾಡುವ ಆಮ್ಲ ಎಂದೆಲ್ಲ ಕನಸು ಕಂಡಿದ್ದವಳಿಗೆ ಸಿಕ್ಕಿದ್ದು ನೆಕ್ಕುವ ಕೆಲಸ.

ಮೇಲಧಿಕಾರಿಗಳನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಕಚ್ಚೆಪಂಚೆಯ ಮೇಲೆ ಕೋಟು ತೊಟ್ಟು ಬರುತ್ತಿದ್ದ ಕೊನೆಯ ವಿಜ್ಞಾನಿ ಅವರೇ ಇರಬೇಕು.

"ಒದ್ದೆ ಆದ್ರೆ ಕಲ್ಲು ಬಣ್ಣ ಬಿಡತ್ತೆ, ಒಳಗಿನ ಕಾಳು ಕಾಣತ್ತೆ. ಜೇಡಿ ಇದ್ರೆ ನಾಲಿಗೇನ ಹಿಡ್ಕೊಳತ್ತೆ" ಎಂದು ವಿವರಿಸಿದರು.

"ನೀರಲ್ಲಿ ಅದ್ದಬಹುದಲ್ವಾ ಸಾರ್?"

"ನಲ್ಲಿ ಹಿತ್ತಲಲ್ಲಿದೆ. ನಾಲಿಗೆ ಬಾಯಲ್ಲೇ ಇದೆ."

ನೆಕ್ಕಿದೆ. ಉಪ್ಪಿರಲಿಲ್ಲ, ಹುಳಿಯಿರಲಿಲ್ಲ, ಮಳೆಗಾಲದ ಗೋಡೆಯ ರುಚಿ. ಅಲ್ಲಿಗೆ ನನ್ನ ವೃತ್ತಿಜೀವನ ಶುರುವಾಯಿತು.

ಈಗ ಈ ಕೆಲಸಕ್ಕೆ ಸೇರುವವರು ನನ್ನನ್ನು ಹುಡುಕಿಕೊಂಡು ಬಂದು, ಯಾವ ಪುಸ್ತಕ ಓದಬೇಕು, ಯಾವ ಯಂತ್ರ ಕಲಿಯಬೇಕು ಎಂದು ಕೇಳುತ್ತಾರೆ. ಓದುವುದನ್ನು ಓದಿ, ಕಲಿಯುವುದನ್ನು ಕಲಿಯಿರಿ. ನಾನಿಲ್ಲಿ ಬರೆಯುತ್ತಿರುವುದು ಪುಸ್ತಕದಲ್ಲಿ ಸಿಗದ್ದು. ಅದರಲ್ಲಿ ಮುಕ್ಕಾಲುಪಾಲು ನನ್ನದೇ ಪೆದ್ದುತನ.

ನಮ್ಮಲ್ಲಿ ಕಲ್ಲು ಕೊಯ್ಯುವ ಕೆಲಸ ಖಲೀಲ್ ಸಾಹೇಬರದು. ಚಾಮರಾಜಪೇಟೆಯವರು, ಉಂಗುರದ ಹರಳು ಉಜ್ಜುವುದು ಅವರ ಮನೆತನದ ಕಸುಬು. ಕಡಲೆ ಗಾತ್ರದ ಚೂರೊಂದನ್ನು ಗಾಜಿನ ಪಟ್ಟಿಗೆ ಅಂಟಿಸಿ, ಉಜ್ಜುವ ಪುಡಿಯನ್ನೂ ನೀರನ್ನೂ ಹಾಕಿ, ಕಲ್ಲಿನೊಳಗಿಂದ ಬೆಳಕು ಹಾಯುವವರೆಗೆ ಅವರು ಅದನ್ನು ಸವೆಸುತ್ತಿದ್ದರು. ಈರುಳ್ಳಿಯ ಪೊರೆಗಿಂತ ತೆಳ್ಳಗೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಹೊರಗೆ ಬೂದು ಬಣ್ಣಕ್ಕಿದ್ದ ಕಲ್ಲಿನೊಳಗೆ ನೀಲಿ, ನೇರಳೆ, ಕಿತ್ತಳೆ, ಜಾತ್ರೆಯ ಬಳೆಚೂರುಗಳ ಹಾಗೆ. ಯಾವ ಬಣ್ಣ, ಯಾವ ಆಕಾರ, ಯಾವುದರ ಪಕ್ಕ ಯಾವುದು ಕೂತಿದೆ ಎಂದು ನೋಡಿ ಕಲ್ಲಿನ ಕುಲಗೋತ್ರ ಹೇಳುವುದು ನನ್ನ ಕೆಲಸ.

ಒಂದು ದಿನ ಸಾಹೇಬರು ರಜೆಯಲ್ಲಿದ್ದರು. ಎಷ್ಟರ ವಿದ್ಯೆ ಅದು ಎಂದುಕೊಂಡು ನಾನೇ ಉಜ್ಜಲು ಕೂತೆ. ಮುರಿದು ಬಿದ್ದ ಹಳೆಯ ಶಾಸನಕಲ್ಲೊಂದರ ಚೂರು. ಮತ್ತೊಂದು ಚೂರು ಕೇಳುವಂತಿರಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಉಜ್ಜಿ ಎತ್ತಿ ನೋಡಿದರೆ ಗಾಜಿನ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಕಲ್ಲೇ ಇರಲಿಲ್ಲ.

ಮಾರನೆಯ ದಿನ ಸಾಹೇಬರು ಆ ಗಾಜನ್ನು ಕಿಟಕಿಗೆ ಹಿಡಿದು ನೋಡಿದರು. "ಬಹಳ ಚೆನ್ನಾಗಿ ಕ್ಲೀನ್ ಮಾಡಿದೀರ ಮೇಡಂ" ಎಂದರು.

"ಕಲ್ಲು ಎಲ್ಲಿ ಹೋಯ್ತು ಸಾಹೇಬ್ರೇ?"

"ಮೋರಿಗೆ. ಎಂಟ್ನೂರು ವರ್ಷ ಮಳೆಗೆ ಬಿಸಿಲಿಗೆ ಕರಗದೆ ಕೂತಿತ್ತು ಪಾಪ. ನಿಮ್ಮ ಕೈಯಲ್ಲಿ ಎಂಟು ನಿಮಿಷ." ಆಮೇಲೆ ಮೆತ್ತಗೆ ಹೇಳಿದರು, "ಕಣ್ಣಲ್ಲಿ ಉಜ್ಜಬಾರದು ಮೇಡಂ. ಕಿವಿಯಲ್ಲಿ ಉಜ್ಜಬೇಕು. ಸದ್ದು ತೆಳುವಾಯ್ತು ಅಂದ್ರೆ ಕೈ ನಿಲ್ಲಿಸ್ಬೇಕು."

ರಾಯರಿಗೆ ನಾನು ಹೇಗೆ ಹೇಳಲಿ ಎಂದು ಹೆದರುತ್ತಿರುವಾಗ ಸಾಹೇಬರೇ ಒಳಗೆ ಹೋಗಿ ಏನೋ ಹೇಳಿ ಬಂದರು. ರಾಯರು ನನ್ನನ್ನು ಬಯ್ಯಲಿಲ್ಲ. ಒಂದು ತಿಂಗಳು ದಿನವೂ ಸಂಜೆ ಸಾಹೇಬರ ಪಕ್ಕ ಕೂತು ಬರೇ ಸದ್ದು ಕೇಳಬೇಕೆಂದು ಆಜ್ಞೆ ಮಾಡಿದರು.

ರಾಯರು ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆ ನಮ್ಮಲ್ಲಿಗೆ ಎಕ್ಸ್-ರೇ ಬಂದೂಕು ಬಂತು. ನೋಡಲು ಕೂದಲು ಒಣಗಿಸುವ ಯಂತ್ರದಂತಿತ್ತು. ಶಿಲ್ಪಕ್ಕೆ ಮೂತಿ ತಾಗಿಸಿ ಗುಂಡಿ ಒತ್ತಿದರೆ ಸಾಕು, ಇದರಲ್ಲಿ ಕಬ್ಬಿಣ ಇಷ್ಟು, ಸುಣ್ಣದಂಶ ಇಷ್ಟು ಎಂದು ತೆರೆಯ ಮೇಲೆ ಪಟ್ಟಿ ಬರುತ್ತಿತ್ತು. ಚೂರು ಬೇಡ, ಉಜ್ಜುವುದು ಬೇಡ, ನೆಕ್ಕುವುದು ಬೇಡ. ನನಗೆ ರೆಕ್ಕೆ ಬಂದಂತಾಯಿತು.

ಆ ಉತ್ಸಾಹದಲ್ಲೇ ಒಂದು ಹನುಮಂತನ ಶಿಲ್ಪವನ್ನು ಪರೀಕ್ಷಿಸಿದೆ. ಯಂತ್ರ ಸೀಸ, ಸೀಸ ಎಂದು ಬಡಬಡಿಸಿತು. ಅಷ್ಟು ಸೀಸವಿರುವ ಶಿಲೆ ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ. ಹಾಗಾದರೆ ಇದು ದೂರದೇಶದಿಂದ ಬಂದ ಅಪರೂಪದ ಕಲ್ಲೇ ಇರಬೇಕೆಂದು ಪ್ರಬಂಧ ಬರೆದು, ವಿದ್ವಾಂಸರು ತುಂಬಿದ ಸಭೆಯಲ್ಲಿ ಓದಿದೆ. ಹಡಗಿನ ದಾರಿಯ ನಕ್ಷೆಯನ್ನೂ ಹಾಕಿದ್ದೆ. ಚಪ್ಪಾಳೆ ಮುಗಿದ ಮೇಲೆ ಮೂರನೆಯ ಸಾಲಿನಲ್ಲಿ ಕೂತಿದ್ದ ರಾಯರು ನಿಧಾನಕ್ಕೆ ಎದ್ದರು.

"ಅಮ್ಮಾ, ಆ ಹನುಮಂತನಿಗೆ ಸಿಂಧೂರ ಹಚ್ತಾರಾ?"

"ಹೌದು ಸಾರ್, ಪ್ರತಿ ಶನಿವಾರ."

"ಸಿಂಧೂರ ಏತರಲ್ಲಿ ಮಾಡ್ತಾರೆ?"

ಸೀಸದಲ್ಲಿ. ಆ ಉತ್ತರ ನನ್ನ ಬಾಯಿಂದ ಹೊರಡುವ ಮೊದಲೇ ಸಭೆ ನಗತೊಡಗಿತ್ತು. ನನ್ನ ಅಪರೂಪದ ಶಿಲೆ ಹಡಗಿನಲ್ಲಿ ಬಂದಿರಲಿಲ್ಲ; ವಾರಕ್ಕೊಮ್ಮೆ ಗ್ರಂಧಿಗೆ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಸಭೆಯಿಂದ ಹೊರಗೆ ಬಂದಾಗ ರಾಯರು ನನಗೊಂದು ಕಾಫಿ ಕೊಡಿಸಿ, "ಮೊದಲು ದೇವರಿಗೆ ಏನು ಸುರೀತಾರೆ ಕೇಳ್ಕೋ, ಆಮೇಲೆ ದೇವರನ್ನ ಕೇಳು" ಎಂದರು. ಯಾವ ಕಲ್ಲಿನ ಮೇಲೆ ಯಾರು ಏನು ಬಳಿದಿರುತ್ತಾರೋ ಗೊತ್ತಾಗುವುದಿಲ್ಲವೆಂದು ಅಂದಿನಿಂದ ನೆಕ್ಕುವುದನ್ನೂ ಬಿಟ್ಟೆ. ನೀವೂ ನೆಕ್ಕಬೇಡಿ.

ಇನ್ನು ಗಣಪನ ವಿಷಯ. ಇದನ್ನು ಕೊಂಚ ಉದ್ದಕ್ಕೇ ಹೇಳುತ್ತೇನೆ. ನನ್ನ ಇಡೀ ಸೇವೆಯಲ್ಲಿ ಊಟ ನಿದ್ದೆ ಕೆಡಿಸಿದ ಕಲ್ಲು ಇದೊಂದೇ.

ನಿವೃತ್ತಿಗೆ ಎರಡು ವರ್ಷವಿದ್ದಾಗ ಚಾಮರಾಜಪೇಟೆಯ ಒಂದು ಪುಟ್ಟ ದೇವಸ್ಥಾನದಿಂದ ಕಚೇರಿಗೆ ಪತ್ರ ಬಂತು. ಹಿಟ್ಟಿನ ಗಿರಣಿಗೂ ಸೈಕಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ದೇವಸ್ಥಾನ. ಒಳಗಿನ ಗಣಪ ಮಾತ್ರ ಬಹಳ ಹಳಬ; ಯಾವುದೋ ಪಾಳುಬಿದ್ದ ಗುಡಿಯಿಂದ ಯಾವುದೋ ಕಾಲದಲ್ಲಿ ಅಲ್ಲಿಗೆ ಬಂದವನು. ಅವನಿಗೆ ಬೆಳ್ಳಿ ಕವಚ ಮಾಡಿಸಲೆಂದು ಮೈಮೇಲಿನ ಎಣ್ಣೆಯ ಕಪ್ಪು ಪದರವನ್ನು ತೊಳೆದು ತೆಗೆದಾಗ, ಬಲಗಡೆಯ ಸೊಂಟದಿಂದ ಹೊಕ್ಕುಳದವರೆಗೆ ಒಂದು ಗೀರು ಕಾಣಿಸಿತ್ತು. "ವಿಗ್ರಹವು ಭಿನ್ನವಾಗಿರುವುದನ್ನು ದೃಢೀಕರಿಸಿ ಪತ್ರ ನೀಡಬೇಕಾಗಿ ಕೋರಿಕೆ" ಎಂದು ಬರೆದಿದ್ದರು. ಪರೀಕ್ಷಿಸಿ ಎಂದಲ್ಲ, ದೃಢೀಕರಿಸಿ ಎಂದು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು. ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠೆ ಮಾಡಬೇಕು.

ಪತ್ರ ಬರೆದವರು ದೇವಸ್ಥಾನ ಸಮಿತಿಯ ಅಧ್ಯಕ್ಷ ನಂಜುಂಡಪ್ಪನವರು. ಹಾರ್ಡ್‌ವೇರ್ ಅಂಗಡಿ ಇಟ್ಟವರು, ಎತ್ತರದ ಆಳು, ಗಟ್ಟಿ ದನಿ. ನಾನು ಹೋದಾಗ ಬಾಗಿಲಲ್ಲೇ ನಿಂತಿದ್ದರು.

"ಹೊಸ ವಿಗ್ರಹಕ್ಕೆ ಹೇಳಾಗಿದೆ ಮೇಡಂ. ಇದರ ಎರಡರಷ್ಟು ದೊಡ್ಡದು. ನಿಮ್ಮ ಒಂದು ಕಾಗದ ಬಂದ್ಬಿಟ್ರೆ ಆಯ್ತು."

ಒಳಗಿನಿಂದ ಅರ್ಚಕರ ದನಿ ಬಂತು. "ಆ ಕಾಗದ ಬರೋದಾದ್ರೆ ನನ್ನನ್ನೂ ಇವನ ಜೊತೇಲೇ ನೀರಿಗೆ ಬಿಡಿ ಅಂತ ಅದರಲ್ಲೇ ಬರೆದ್ಬಿಡಿ."

ಅವರು ಸೀತಾರಾಮ ಭಟ್ಟರು. ಎಂಬತ್ತರ ಹತ್ತಿರ. ಅಪ್ಪನ ಕಾಲದಿಂದ ಆ ಗಣಪನಿಗೆ ನೀರೆರೆಯುತ್ತ ಬಂದವರು. "ಹೊಟ್ಟೆ ಒಡೆದಿದೆಯಂತೆ! ಇವನ ಹೊಟ್ಟೆ ಒಂದ್ಸಲ ಒಡೆದೇ ಇತ್ತಲ್ಲಮ್ಮ. ಕಡುಬು ಜಾಸ್ತಿ ತಿಂದು ಒಡೆದ್ಕೊಂಡ, ಹಾವು ಸುತ್ತಿ ಕಟ್ಕೊಂಡ. ಅವತ್ತು ಭಿನ್ನ ಆಗದೇ ಇದ್ದೋನು ಇವತ್ತು ಆಗ್ತಾನಾ?"

"ಪುರಾಣ ಬೇರೆ, ಕಲ್ಲು ಬೇರೆ ಭಟ್ಟರೇ" ಎಂದರು ನಂಜುಂಡಪ್ಪ.

"ಅದಕ್ಕೇ ಕಲ್ಲಿನ ಡಾಕ್ಟರು ಬಂದಿದಾರಲ್ಲ. ಬನ್ನಿ ತಾಯಿ ಒಳಗೆ. ಸ್ನಾನ ಆಗಿದೆ ತಾನೇ? ವೈದ್ಯರಿಗೆ ಉಳಿದ ಮಡಿಯೆಲ್ಲ ಮಾಫಿ."

ಬಂದೂಕು ಹಿಡಿದು ಗರ್ಭಗುಡಿಗೆ ಹೋದೆ. ಗೀರಿನ ಮೇಲಿಟ್ಟು ಒತ್ತಿದೆ. ಅಕ್ಕಪಕ್ಕದ ಕಲ್ಲಿಗಿಂತ ಅಲ್ಲಿ ಸುಣ್ಣದಂಶ ಹೆಚ್ಚು. ನನಗೆ ಖುಷಿಯಾಯಿತು. ಕಲ್ಲು ಹುಟ್ಟುವಾಗಲೇ ಅದರೊಳಗೆ ಬಿಳಿಯ ಸುಣ್ಣದ ಎಳೆಗಳು ಸೇರಿಕೊಂಡಿರುವುದುಂಟು. ಎಳೆಯಾದರೆ ಅದು ಬಿರುಕಲ್ಲ, ಜನ್ಮದಿಂದ ಬಂದ ಮಚ್ಚೆ. ಬಾಯಿ ತೆರೆಯುವುದರಲ್ಲಿದ್ದೆ. ಹನುಮಂತ ನೆನಪಾಗಿ ಮುಚ್ಚಿಕೊಂಡೆ.

"ಭಟ್ಟರೇ, ಅಭಿಷೇಕಕ್ಕೆ ಏನೇನು?"

"ಹಾಲು, ಮೊಸರು, ತುಪ್ಪ, ಜೇನು. ನಮ್ಮ ತಾತನ ಕಾಲದಿಂದ."

ಅಷ್ಟು ಹಾಲು ಮೊಸರು ಹರಿದ ಹೊಟ್ಟೆಯ ಗೀರಿನಲ್ಲಿ ಇಳಿದು ಕೂತ ಸುಣ್ಣದಂಶ ಕಲ್ಲಿನದೋ ಹಸುವಿನದೋ, ಯಾವ ಯಂತ್ರ ಹೇಳೀತು? ಬಂದೂಕನ್ನು ಪೆಟ್ಟಿಗೆಗೆ ಹಾಕಿ, ರಾಯರ ಕಾಲದ ದಾರಿ ಹಿಡಿದೆ. ಕಣ್ಣು ಮುಚ್ಚಿಕೊಂಡು ಉಗುರಿನ ತುದಿಯನ್ನು ಗೀರಿನ ಅಡ್ಡಕ್ಕೆ ಎಳೆದೆ. ಬಿರುಕಾದರೆ ಉಗುರು ಇಳಿಯಬೇಕು. ಎಳೆಯಾದರೆ ಏರಬೇಕು; ಮೆದು ಕಲ್ಲು ಸವೆದರೂ ಅದಕ್ಕಿಂತ ಗಟ್ಟಿಯಾದ ಎಳೆ ಸವೆಯದೆ ಸ್ವಲ್ಪ ಎದ್ದು ನಿಂತಿರುತ್ತದೆ.

ಸೊಂಟದ ಬಳಿ ಉಗುರು ಏರಿತು. ನಡುವೆ ಏರಿತು. ಹೊಕ್ಕುಳದ ಹತ್ತಿರ, ಬೆರಳಿನಷ್ಟು ಉದ್ದಕ್ಕೆ, ಇಳಿಯಿತು.

ಮತ್ತೊಮ್ಮೆ ಎಳೆದೆ. ಇಳಿಯಿತು. ಅಲ್ಲಿ ನಿಜವಾಗಿಯೂ ಒಂದು ಸಂದಿತ್ತು.

"ಏನಮ್ಮ?" ಎಂದರು ಭಟ್ಟರು. ಅವರ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

"ಸ್ವಲ್ಪ ದಿನ ಟೈಮ್ ಕೊಡಿ" ಎಂದೆ.

"ಕಣ್ಣಿಗೆ ಕಾಣ್ತಿರೋದಕ್ಕೆ ಟೈಮ್ ಯಾಕೆ ಮೇಡಂ?" ಎಂದರು ಬಾಗಿಲಾಚೆಯಿಂದ ನಂಜುಂಡಪ್ಪ. ಬೇಕಾದರೆ ನೀವೂ ಒಳಗೆ ಬಂದು ಲೆನ್ಸಿನಲ್ಲಿ ನೋಡಿ ಎಂದೆ. ಅಷ್ಟು ದೊಡ್ಡ ಆಳು ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಬೇಡ, ನೀವೇ ನೋಡಿ" ಎಂದುಬಿಟ್ಟರು. ಮಡಿಯಲ್ಲಿಲ್ಲವೇನೋ ಎಂದುಕೊಂಡೆ.

ಹೊರಡುವಾಗ ಭಟ್ಟರು ಗಂಧದ ಬಟ್ಟಲಿನಿಂದ ಒಂದು ಕಾಗದದ ಪೊಟ್ಟಣ ತೆಗೆದುಕೊಟ್ಟರು. ಒಳಗೆ ಸಾಸಿವೆ ಗಾತ್ರದ ಕಂದು ಚೂರು. "ತೊಳೆದ ದಿನ ಆ ಸಂದಿಯಿಂದ ಬಿತ್ತು. ಇವನ ಮೈಯಿಂದ ಬಿದ್ದಿದ್ದನ್ನ ಎಸೆಯಕ್ಕೆ ಮನಸ್ಸಾಗ್ಲಿಲ್ಲ."

ಆ ಚೂರನ್ನು ತೆಗೆದುಕೊಂಡು ಬಸವನಗುಡಿಗೆ, ರಾಯರ ಮನೆಗೆ ಹೋದೆ. ಕೋಲು ಹಿಡಿದು ನಡೆಯುವ ವಯಸ್ಸಾಗಿತ್ತು ಅವರಿಗೆ, ಆದರೆ ಕಲ್ಲು ಎಂದರೆ ಕಣ್ಣು ಅರಳುತ್ತಿತ್ತು. ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸಿ ಚೂರಿಗೆ ತಾಗಿಸಿದರು. ಅದು ಮೆತ್ತಗಾಗಿ ಸಣ್ಣಗೆ ಹೊಗೆಯಾಡಿತು. ರಾಯರು ಕಣ್ಣು ಮುಚ್ಚಿ ಮೂಸಿದರು.

"ಪೋಸ್ಟಾಫೀಸ್ ವಾಸನೆ ಕಣಮ್ಮ."

"ಸಾರ್?"

"ಪಾರ್ಸೆಲ್ ಮೇಲೆ ಸೀಲ್ ಒತ್ತೋರಲ್ಲ, ಅದೇ. ಅರಗು! ಒಳಗೇನು ಬೆರೆಸಿದಾರೆ ನೋಡು."

ಪ್ರಯೋಗಾಲಯಕ್ಕೆ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅರಗಿನ ಒಳಗೆ ಕಲ್ಲಿನ ಪುಡಿ. ಗಣಪನ ಕಲ್ಲಿನದೇ ಪುಡಿ. ಹಾಗಾದರೆ ಯಾರೋ ಆ ಸಂದಿಯನ್ನು ಅರಗು, ಕಲ್ಲುಪುಡಿ ಕಲೆಸಿ ತುಂಬಿದ್ದಾರೆ. ಯಾರು? ಇಡೀ ಪ್ರಶ್ನೆ ಈಗ ಅಲ್ಲಿಗೆ ಬಂದು ನಿಂತಿತು. ವಿಗ್ರಹ ಆಮೇಲೆ ಯಾವಾಗಲೋ ಬಿರುಕುಬಿಟ್ಟು, ಯಾರೋ ರಿಪೇರಿ ಮಾಡಿದ್ದರೆ ನಂಜುಂಡಪ್ಪನವರ ಮಾತೇ ಸರಿ. ಕಡೆಯುವಾಗಲೇ ಶಿಲ್ಪಿಗೆ ಕಲ್ಲಿನಲ್ಲಿ ಟೊಳ್ಳು ಸಿಕ್ಕಿ, ಅವನೇ ತುಂಬಿ ಕೆಲಸ ಮುಗಿಸಿದ್ದರೆ ಭಟ್ಟರು ಗೆದ್ದರು.

ಮತ್ತೆ ಹೋಗಿ ಲೆನ್ಸ್ ಹಿಡಿದು ಹುಡುಕಿದೆ. ಸಂದಿಯ ತುದಿಯಲ್ಲಿ, ಗಣಪನ ಹೊಟ್ಟೆಗೆ ಸುತ್ತಿದ ಹಾವಿನ ಹೆಡೆಯ ಕೆಳಗೆ, ಉಜ್ಜುವ ಕೈ ತಲುಪದ ಮೂಲೆಯಲ್ಲಿ, ಅರಗು ಇನ್ನೂ ಸ್ವಲ್ಪ ಉಳಿದಿತ್ತು. ಅದರ ಮೇಲೆ ಗೀಟುಗಳೂ ಇದ್ದಂತಿತ್ತು. ಆದರೆ ಇಕ್ಕಟ್ಟು, ಕತ್ತಲು, ಸರಿಯಾಗಿ ಕಾಣದು. ಅಚ್ಚು ತೆಗೆದರೆ ಮಾತ್ರ ಸಾಧ್ಯ. ಅದಕ್ಕೆ ಹಲ್ಲಿನ ಡಾಕ್ಟರು ಬಳಸುವ ಮೆತ್ತನೆಯ ಹಿಟ್ಟು ಬೇಕು. ವಿಶ್ವೇಶ್ವರಪುರದಲ್ಲಿ ನನ್ನ ಹಲ್ಲು ನೋಡುವ ಡಾಕ್ಟರಲ್ಲಿಗೆ ಹೋಗಿ ಕೇಳಿದೆ.

"ಯಾರ ಬಾಯಿಗೆ ಮೇಡಂ?"

"ಗಣಪತಿಗೆ."

ಡಾಕ್ಟರು ಗಂಭೀರವಾಗಿಯೇ ಕೇಳಿದರು, "ಮುರಿದಿರೋ ದಂತಕ್ಕಾ?"

ಹಲ್ಲಿಗಲ್ಲ, ಹೊಟ್ಟೆಗೆ ಎಂದು ವಿವರಿಸುವಷ್ಟರಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಹಲ್ಲುನೋವು ಮರೆತು ಕೇಳುತ್ತಿದ್ದರು. ಡಾಕ್ಟರು ಒಂದು ಡಬ್ಬಿ ಕೊಟ್ಟು, ಕಲೆಸುವುದನ್ನು ತೋರಿಸಿ ಕಳಿಸಿದರು. ಭಟ್ಟರ ಅನುಮತಿ ಪಡೆದು, ಅವರು ಗರಿಕೆ ಏರಿಸಿ ಗಣಪನಿಗೆ "ಸ್ವಲ್ಪ ತಣ್ಣಗಿರತ್ತಪ್ಪ, ತಡ್ಕೋ" ಎಂದು ಹೇಳಿದ ಮೇಲೆ, ಅಚ್ಚು ತೆಗೆದೆ. ಅದರಿಂದ ಒಂದು ಪ್ಲಾಸ್ಟರ್ ಪ್ರತಿ ಎರಕ ಹೊಯ್ದು, ಖಲೀಲ್ ಸಾಹೇಬರಲ್ಲಿಗೆ ಒಯ್ದೆ.

ಅವರೂ ಆಗ ನಿವೃತ್ತರು. ದೇವಸ್ಥಾನದಿಂದ ನಾಲ್ಕು ರಸ್ತೆ ಆಚೆ, ಹರಳು ಉಜ್ಜುವ ತಮ್ಮ ಪುಟ್ಟ ಅಂಗಡಿಯಲ್ಲಿ ಕೂರುತ್ತಿದ್ದರು. ನಾನು ಏನೂ ಹೇಳದೆ ಪ್ಲಾಸ್ಟರನ್ನು ಅವರ ಕೈಯಲ್ಲಿಟ್ಟೆ. ಬೆಳಕಿಗೆ ಓರೆಯಾಗಿ ಹಿಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಹೆಬ್ಬೆರಳಿನಿಂದ ಹಾವಿನ ಪೊರೆಯ ಗೀಟುಗಳನ್ನು ಒಂದೊಂದಾಗಿ ಸವರಿದರು.

"ಇದು ಕಲ್ಲು, ಇದು ತುಂಬಿಸಿರೋದು. ಸರಿನಾ?"

"ಸರಿ."

"ಗೀಟು ಕಲ್ಲಿಂದ ಹೊರಟು ತುಂಬಿಸಿರೋದರ ಮೇಲೆ ಹೋಗಿ ಮತ್ತೆ ಕಲ್ಲಿಗೆ ಬರ್ತಿದೆ. ಎಲ್ಲೂ ಉಳಿ ನಿಂತಿಲ್ಲ ಮೇಡಂ. ಆಮೇಲೆ ರಿಪೇರಿ ಮಾಡಿದೋನು ಆಗಿದ್ರೆ ಇಲ್ಲಿ ನಿಲ್ತಿತ್ತು, ಅಲ್ಲಿಂದ ಹೊಸದಾಗಿ ಶುರು ಆಗ್ತಿತ್ತು. ಎಷ್ಟೇ ಉಸ್ತಾದ್ ಆದ್ರೂ ಗಂಟು ಉಳಿಯತ್ತೆ. ಇದು ಒಂದೇ ಕೈ, ಒಂದೇ ಉಸಿರು." ಮತ್ತೊಮ್ಮೆ ಸವರಿ ನಕ್ಕರು. "ಮೊದಲು ತುಂಬಿಸಿದಾನೆ, ಆಮೇಲೆ ಹಾವು ಕೊರೆದಿದಾನೆ. ತಪ್ಪು ಮುಚ್ಚೋಕೆ ಹಾವನ್ನ ಅಲ್ಲೇ ತಂದು ಮಲಗಿಸಿದಾನೆ, ಕಿಲಾಡಿ."

ಲೆನ್ಸಿನಲ್ಲಿ ನೋಡಿದೆ. ಅವರು ಹೆಬ್ಬೆರಳಲ್ಲಿ ಕಂಡಿದ್ದು ನನಗೆ ಹತ್ತು ಪಟ್ಟು ದೊಡ್ಡದಾಗಿ ಕಂಡಿತು, ಅಷ್ಟೇ.

ಆ ಭಾನುವಾರ ದೇವಸ್ಥಾನದ ಮುಂದಿನ ಹಜಾರದಲ್ಲಿ ಸಮಿತಿ ಸೇರಿತು. ನಾನು ಪ್ಲಾಸ್ಟರನ್ನು ನಡುವೆ ಇಟ್ಟು, ಸೊಂಟದ ಕಡೆಯದು ಕಲ್ಲು ಹುಟ್ಟುವಾಗಿನ ಎಳೆ, ಹೊಕ್ಕುಳದ ಹತ್ತಿರದ್ದು ಅದೇ ಎಳೆಯ ತುದಿಯ ಟೊಳ್ಳು, ಅದನ್ನು ತುಂಬಿದವನು ಶಿಲ್ಪಿಯೇ ಎಂದು ಗೀಟುಗಳನ್ನು ತೋರಿಸಿ ಹೇಳಿದೆ. ಸಂದಿಯೊಳಗೆ ಕೂದಲೆಳೆ ಹಾಕಿ ಅಳೆದಿದ್ದೆ. ಅದು ಒಳಕ್ಕೆ ಹೋಗದೆ ಮೇಲೆಯೇ ಮುಗಿಯುತ್ತಿತ್ತು.

"ಒಂದೇ ಮಾತಲ್ಲಿ ಹೇಳಿ ಮೇಡಂ" ಎಂದರು ನಂಜುಂಡಪ್ಪ. "ಭಿನ್ನನಾ, ಅಲ್ವಾ?"

"ಭಿನ್ನ ಅನ್ನೋದು ನನ್ನ ಶಾಸ್ತ್ರದ ಮಾತಲ್ಲ ಸಾರ್. ಈ ವಿಗ್ರಹ ಕಡೆದು ಮುಗಿಸಿದ ದಿನ ಹೇಗಿತ್ತೋ ಹಾಗೇ ಇದೆ. ಒಡೆದಿಲ್ಲ."

"ಹಾಗಾದ್ರೆ ಆ ಸಂದಿ ಈಗ ಯಾಕೆ ಬಂತು?"

"ತೊಳೆಯೋವಾಗ ಸೋಡಾಪುಡಿ ಹಾಕಿದ್ರಾ?"

ಆ ಗಟ್ಟಿ ದನಿಯ ಮನುಷ್ಯ ತೀರ ಸಣ್ಣಗೆ ಮಾತಾಡಿದರು.

"ನಾನೇ ಹಾಕಿದ್ದು. ಅಂಗಡಿಯಿಂದ ತಂದು, ಬಿಸಿನೀರಲ್ಲಿ ಕಲೆಸಿ, ಬ್ರಷ್ ಹಾಕಿ ಉಜ್ಜಿದೆ. ಭಟ್ಟರು ಬೇಡ ಬೇಡ ಅಂದ್ರು, ನಾನು ಕೇಳ್ಲಿಲ್ಲ. ಆವತ್ತೇ ಗೀರು ಕಾಣ್ತು. ದೇವರ ಹೊಟ್ಟೆ ನನ್ನ ಕೈಯಲ್ಲಿ ಒಡೀತು ಅಂತ..." ಟವೆಲಿನಿಂದ ಮುಖ ಒರೆಸಿಕೊಂಡರು. "ಅವತ್ತಿಂದ ಒಳಗೆ ಹೋಗಿ ಕೈ ಮುಗಿದಿಲ್ಲ ಮೇಡಂ. ಹೊಸದು ಬಂದ್ರೆ ಇವನ ಮುಖ ನೋಡೋದು ತಪ್ಪತ್ತಲ್ಲ ಅಂದ್ಕೊಂಡೆ."

ದಿನವೂ ಬಾಗಿಲಾಚೆಯೇ ನಿಲ್ಲುತ್ತಿದ್ದುದು ಮಡಿಗಲ್ಲ, ಭಯಕ್ಕೆ ಎಂದು ನನಗೆ ಆಗ ತಿಳಿಯಿತು. ಇಷ್ಟು ದಿನ ಅವರನ್ನು ಹಟಮಾರಿ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

"ಸೋಡಾಗೆ ಅರಗು ಕರಗತ್ತೆ ಸಾರ್. ನೀವು ಕಲ್ಲು ಒಡೆದಿಲ್ಲ. ಶಿಲ್ಪಿ ತುಂಬಿಸಿದ್ದನ್ನ ತೊಳೆದಿದೀರ, ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಮತ್ತೆ ತುಂಬಿಸಬಹುದು."

ಭಟ್ಟರು ಎದ್ದುಬಂದು ಅವರ ಭುಜ ಹಿಡಿದರು. "ಏಳಪ್ಪ, ಒಳಗೆ ಬಾ. ಅವನೇನೂ ಕೋಪ ಮಾಡ್ಕೊಂಡಿಲ್ಲ. ಅಷ್ಟು ಬಿಸಿನೀರು ಅವನಿಗೂ ಎಂದೂ ಸಿಕ್ಕಿರ್ಲಿಲ್ಲ."

ನಂಜುಂಡಪ್ಪ ನಕ್ಕರು, ಅಳುತ್ತಲೇ. ಒಳಗೆ ಹೋಗಿ ಉದ್ದಂಡ ನಮಸ್ಕಾರ ಹಾಕಿದವರು ಬಹಳ ಹೊತ್ತು ಏಳಲೇ ಇಲ್ಲ.

ಹೇಳಿ ಮಾಡಿಸಿದ ಹೊಸ ಗಣಪ ಊರಾಚೆಯ ಹೊಸ ಬಡಾವಣೆಯೊಂದಕ್ಕೆ ಹೋದ. ಅಲ್ಲಿಯವರು ದೇವಸ್ಥಾನ ಕಟ್ಟಿಕೊಂಡು ದೇವರಿಗಾಗಿ ಕಾಯುತ್ತಿದ್ದರು. ಹಳೆಯ ಗಣಪನಿಗೆ ಅರಗು, ಕಲ್ಲುಪುಡಿಗಳನ್ನು ಹದವಾಗಿ ಕಲೆಸಿಕೊಟ್ಟವರು ಖಲೀಲ್ ಸಾಹೇಬರು. ಬಣ್ಣ ಹೊಂದುವವರೆಗೆ ನಾಲ್ಕು ಸಲ ಮಾಡಿ ನಾಲ್ಕು ಸಲ ಎಸೆದರು. ತುಂಬಿದವರು ಭಟ್ಟರು, ಕೈ ನಡುಗುತ್ತದೆಂದು ಮೊಣಕೈಯನ್ನು ಗಣಪನ ತೊಡೆಯ ಮೇಲೆ ಊರಿಕೊಂಡು ತುಂಬಿದರು. ಟಾರ್ಚ್ ಹಿಡಿದವರು ನಂಜುಂಡಪ್ಪ. ನನ್ನ ಪಾಲಿಗೆ ಉಸಿರು ಬಿಗಿಹಿಡಿಯುವ ಕೆಲಸ.

ಮುಗಿದ ಮೇಲೆ ಭಟ್ಟರು ಕೈತೊಳೆದು ಬಂದು ಕೇಳಿದರು. "ಇಷ್ಟೆಲ್ಲ ಆಯ್ತು, ಇವನು ಯಾವ ಕಲ್ಲು ಅಂತ ನೀವು ಹೇಳಲೇ ಇಲ್ಲವಲ್ಲಮ್ಮ. ನಮ್ಮಪ್ಪ ಸಾಲಿಗ್ರಾಮ ಶಿಲೆ ಅಂತಿದ್ರು."

ಒಂದು ಜೀವಮಾನ ಸಾಲಿಗ್ರಾಮವೆಂದು ನಂಬಿ ನೀರೆರೆದವರಿಗೆ ಹೇಗೆ ಹೇಳುವುದು? ಆದರೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಬಳಪದ ಕಲ್ಲು ಭಟ್ಟರೇ."

"ಬಳಪ ಅಂದ್ರೆ? ಮಕ್ಕಳು ಸ್ಲೇಟಿನ ಮೇಲೆ ಬರೀತಾರಲ್ಲ, ಅದಾ?"

"ಅದೇ."

ಭಟ್ಟರು ಗಣಪನ ಕಡೆ ತಿರುಗಿದರು. ಆಮೇಲೆ ಅವರು ತಲೆಯೆತ್ತಿ, ಗರ್ಭಗುಡಿಯ ಬಾಗಿಲ ಮೇಲೆ ಬಣ್ಣ ಮಾಸಿದ ಅಕ್ಷರಗಳನ್ನು ನನಗೆ ತೋರಿಸಿದರು. ಶ್ರೀ ವಿದ್ಯಾಗಣಪತಿ ಪ್ರಸನ್ನ.

"ಮತ್ತೆ?" ಎಂದರು, ಮುಖವೆಲ್ಲ ನಗುವಾಗಿ. "ಬಳಪದಲ್ಲಿ ಅಲ್ಲದೆ ಇನ್ನೇತರಲ್ಲಿ ಇರ್ತಾನೆ ಇವನು?" ಹಾಗೆಂದು ಮಂಗಳಾರತಿಗೆ ಕರ್ಪೂರ ಹಚ್ಚಿದರು.